ಅಗೆದು ತೆಗೆಯಬಹುದಾ ಎಂದು ಕೇಳಿದ ಮಗಳು

ಕೊಡಗಿನ ಸೋಮವಾರಪೇಟೆ ಕಡೆಯ ಒಂದು ತೋಟದ ಮನೆಯ ವಿಷಯ ಇದು. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ನಾಯಿಗಳ ಹೆಸರೂ ನಾನೇ ಇಟ್ಟದ್ದು.

ಸಾಕಿದ ನಾಯಿ ಸತ್ತ ದುಃಖದಲ್ಲಿ ನನ್ನ ಹತ್ತಿರ ಸಲಹೆಗೆ ಬಂದವಳು ಬೆಂಗಳೂರಿನಲ್ಲಿ ಕೆಲಸ ಮಾಡುವ ಹುಡುಗಿ. ಅವಳು ಕಾಲೇಜಿಗೆ ಸೇರುವ ಮೊದಲು ತಂದು ಸಾಕಿದ ನಾಯಿ ಕರಿಯ ಜುಲೈನ ಒಂದು ಮಧ್ಯಾಹ್ನ ತೀರಿಕೊಂಡಿತ್ತು. ಕಿಡ್ನಿ ಹೋಗಿದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅಪ್ಪ ಫೋನ್ ಮಾಡಿದಾಗ ಇವಳು, "ನಾನು ಬರೋ ತನಕ ಏನೂ ಮಾಡಬೇಡಿ. ಬೆಂಗಳೂರಿಗೆ ತಂದು ಸುಡಿಸೋಣ, ನನಗೆ ಅವನ ಬೂದಿ ಬೇಕು" ಎಂದಳು. ರಾತ್ರಿ ಬಸ್ ಹಿಡಿದು ಬೆಳಗ್ಗೆ ಮನೆಗೆ ಬಂದರೆ, ಹಿಂದಿನ ಸಂಜೆಯೇ ಹೂತಾಗಿತ್ತು. ಅವತ್ತಿನಿಂದ ಅಪ್ಪನ ಜೊತೆ ಮಾತಿಲ್ಲ.

"ಈಗ ಅಗೆದು ತೆಗೆದು ಸುಡಿಸಬಹುದಾ ಮೇಡಂ?" ಎಂದು ಕೇಳಿದಳು. ಮೂರು ವಾರ ಆಗಿತ್ತು.

ಬೇಡ ಎಂದೆ. ಇಂಥ ಕಡೆ ಸುತ್ತಿಬಳಸಿ ಹೇಳಬಾರದು. ಮಳೆಗಾಲದ ಮಣ್ಣಿನಲ್ಲಿ ಮೂರು ವಾರ ಇದ್ದ ದೇಹ ಎತ್ತಲು ಬರುವ ಸ್ಥಿತಿಯಲ್ಲಿ ಇರುವುದಿಲ್ಲ. ಅದನ್ನು ನೋಡಿದರೆ ಮುಂದೆ ಕರಿಯ ಎಂದಾಗಲೆಲ್ಲ ಅದೇ ಕಣ್ಣಮುಂದೆ ಬರುತ್ತದೆ. ಬೂದಿಯೇ ಬೇಕಾದರೆ ಅದರ ಬದಲು ಆ ಜಾಗದ ಒಂದು ಹಿಡಿ ಮಣ್ಣು ತಂದು ಕುಂಡಕ್ಕೆ ಹಾಕಿಕೊಳ್ಳಿ ಎಂದೆ. ಅವಳಿಗೆ ಅದು ಅಷ್ಟು ಹಿಡಿಸಲಿಲ್ಲ. ಪರವಾಗಿಲ್ಲ.

ಒಂದು ಕೆಲಸ ಮಾತ್ರ ಹೇಳಿ ಕಳಿಸಿದೆ. ಅಪ್ಪನ ಹತ್ತಿರ "ಯಾಕೆ ಹೂತಿರಿ" ಎಂದು ಕೇಳಬೇಡಿ, "ಹೇಗೆ ಹೂತಿರಿ" ಎಂದು ಕೇಳಿ. ಯಾಕೆ ಎಂದರೆ ಜಗಳ ಶುರುವಾಗುತ್ತದೆ. ನಮ್ಮ ಕಡೆಯ ಗಂಡಸರಿಗೆ, ಅದರಲ್ಲೂ ಆ ವಯಸ್ಸಿನವರಿಗೆ, ದುಃಖ ಹೇಳಲು ಬರುವುದಿಲ್ಲ. ಕೆಲಸ ಹೇಗೆ ಮಾಡಿದೆ ಎಂದು ಹೇಳಲು ಬರುತ್ತದೆ.

ಮುಂದಿನ ಸಲ ಅಪ್ಪನೂ ಬಂದಿದ್ದರು. ಕರಿಯ ತೀರಿಕೊಂಡ ಹೊತ್ತಿಗೆ ಎರಡು ದಿನದಿಂದ ಕರೆಂಟ್ ಇರಲಿಲ್ಲವಂತೆ. ಫ್ರಿಜ್ಜಿನಲ್ಲಿ ಐಸ್ ಇಲ್ಲ, ಮಳೆಗೆ ಆಳುಗಳೂ ಬಂದಿಲ್ಲ. ಮೊದಲು ಗದ್ದೆಯ ಅಂಚಿನಲ್ಲಿ ಅಗೆದರು. ಎರಡು ಅಡಿಗೇ ನೀರು ಬಂತು. 2018ರ ಭೂಕುಸಿತದ ಮೇಲೆ ಬರೆಯ, ಅಂದರೆ ಕಡಿದಾದ ಮಣ್ಣಿನ ಇಳಿಜಾರಿನ ಕಡೆ ಅಗೆಯಲು ಧೈರ್ಯ ಇಲ್ಲ. ಕೊನೆಗೆ ಹಲಸಿನ ಮರದ ಮೇಲ್ಗಡೆ, ಬಾವಿಯಿಂದ ದೂರ, ಗಟ್ಟಿ ನೆಲ ನೋಡಿ ನಾಲ್ಕು ಅಡಿ ಅಗೆದರು. ಹಂದಿ ಕೆದಕುತ್ತದೆ ಎಂದು ಅರ್ಧ ಮಣ್ಣು ಹಾಕಿ ಕಲ್ಲು ಹೇರಿ, ಮತ್ತೆ ಮಣ್ಣು ಮುಚ್ಚಿದರು. "ಅವನ ಕಾಲಿಗೆಲ್ಲ ಕೆಸರಿತ್ತು. ಬಿಸಿನೀರಲ್ಲಿ ತೊಳೆದೆ. ಬೆರಳ ಸಂದಿಯದು ಹೋಗಲಿಲ್ಲ" ಎಂದರು. ಮಗಳು ಅಲ್ಲೇ ಅತ್ತಳು. ಕರಿಯನ ಕುತ್ತಿಗೆಯ ಬೆಲ್ಟು ತೆಗೆದು ಅವಳ ಬೀರುವಿನಲ್ಲೇ ಇಟ್ಟಿದ್ದಾರಂತೆ.

ಅಪ್ಪನದ್ದೆಲ್ಲ ಸರಿ ಎಂದು ನಾನು ಹೇಳುವುದಿಲ್ಲ. ಹೂಳುವ ಮೊದಲು ಇನ್ನೊಂದು ಫೋನ್ ಮಾಡಬಹುದಿತ್ತು. ಅದನ್ನು ಅವರಿಗೇ ಹೇಳಿದೆ. "ನೆಟ್‌ವರ್ಕ್ ಇರಲಿಲ್ಲ" ಎಂದರು, ಆಮೇಲೆ "ಇದ್ದಿದ್ದರೂ ಮಾಡುತ್ತಿರಲಿಲ್ಲವೇನೋ" ಎಂದರು.

ಮನೆಯಲ್ಲಿ ಇನ್ನೊಂದು ಮುದಿ ನಾಯಿ ಇದೆ, ಚಿಕ್ಕಿ. ಹಾಗಾಗಿ ಅದರ ವಿಷಯ ಈಗಲೇ ಮಾತಾಡಿಕೊಳ್ಳೋಣ ಎಂದೆ. ಬದುಕಿರುವಾಗ ಇಂಥ ಮಾತು ಅಪಶಕುನ ಅಲ್ವಾ ಎಂದು ಅಪ್ಪ ಮುಖ ಕಿವುಚಿದರು. ನಾನು ಬಿಡಲಿಲ್ಲ.

ಉಸಿರು ನಿಂತ ಮೂರ್ನಾಲ್ಕು ಗಂಟೆಯಲ್ಲಿ ದೇಹ ಸೆಟೆದುಕೊಳ್ಳುತ್ತದೆ. ಅಷ್ಟರೊಳಗೆ ಮಲಗುವ ಹಾಗೆ ಕಾಲು ಮಡಚಿ ಇಡಬೇಕು. ಇಲ್ಲದಿದ್ದರೆ ಹೂಳಲೂ ಕಷ್ಟ, ಗಾಡಿಯಲ್ಲಿ ಇಡಲೂ ಕಷ್ಟ. ಮಲಮೂತ್ರ ಹೊರಗೆ ಬರುತ್ತದೆ. ಅಡಿಗೆ ಪ್ಲಾಸ್ಟಿಕ್ ಶೀಟು, ಅದರ ಮೇಲೆ ಹಳೇ ಟವೆಲ್ ಹಾಸಿ, ಕೈಗೆ ಗ್ಲೌಸ್ ಹಾಕಿಕೊಳ್ಳಿ. ಇಲಿಜ್ವರ ನಾಯಿಯ ಮೂತ್ರದಿಂದಲೂ ಬರಬಹುದು. ಕಣ್ಣು ಪೂರ್ತಿ ಮುಚ್ಚುವುದಿಲ್ಲ, ಕೆಲವೊಮ್ಮೆ ಮೈ ಅದುರಿದಂತೆ ಕಾಣುತ್ತದೆ. ಜೀವ ಇತ್ತೇನೋ ಎಂದು ಆಮೇಲೆ ಕೊರಗುವವರನ್ನು ಕಂಡಿದ್ದೇನೆ, ಅದಕ್ಕೇ ಹೇಳುತ್ತೇನೆ. ಒಂದು ರಾತ್ರಿ ಇಡಬೇಕಾದರೆ ತಣ್ಣಗಿರುವ ಕೋಣೆ, ಹೊಟ್ಟೆಯ ಸುತ್ತ ಐಸ್. ಮೀನಂಗಡಿಯಲ್ಲಿ ಸಿಗುತ್ತದೆ. ಮನೆಯ ಬೇರೆ ನಾಯಿ ಬಂದು ಮೂಸಿದರೆ ಓಡಿಸಬೇಡಿ.

ಎರಡು ಸಂದರ್ಭದಲ್ಲಿ ಮಾತ್ರ ಸ್ವಂತ ತೀರ್ಮಾನ ಬೇಡ. ಸಾಯುವ ಮೊದಲು ನಾಯಿ ವಿಚಿತ್ರವಾಗಿ ಆಡುತ್ತಿದ್ದರೆ, ಜೊಲ್ಲು ಸುರಿಸುತ್ತಿದ್ದರೆ, ಬರಿಗೈಯಲ್ಲಿ ಮುಟ್ಟದೆ ಪಶುವೈದ್ಯರಿಗೆ ತಿಳಿಸಿ. ಅದು ಕಚ್ಚಿದ್ದರೆ, ಅಥವಾ ಜೊಲ್ಲು ಗಾಯಕ್ಕೋ ಕಣ್ಣಿಗೋ ಬಾಯಿಗೋ ತಾಗಿದ್ದರೆ, ಸೋಪು ಹಾಕಿ ತೊಳೆದು ಅವತ್ತೇ ರೇಬೀಸ್ ಇಂಜೆಕ್ಷನ್ ತೆಗೆದುಕೊಳ್ಳಬೇಕು. ಇನ್ನು ನರಳಾಟ ತಪ್ಪಿಸಲು ಡಾಕ್ಟರೇ ಇಂಜೆಕ್ಷನ್ ಕೊಟ್ಟು ಶಾಶ್ವತವಾಗಿ ಮಲಗಿಸಿದ್ದರೆ ಆ ಔಷಧಿ ದೇಹದಲ್ಲೇ ಉಳಿದಿರಬಹುದು. ಕೆದಕಿ ತಿಂದ ಪ್ರಾಣಿಯೂ ಸಾಯಬಹುದು. ಸುಡುವುದು ಒಳ್ಳೆಯದು, ಆಗದಿದ್ದರೆ ಇನ್ನೂ ಆಳಕ್ಕೆ ಹೂಳಬೇಕು.

ಬೆಂಗಳೂರಿನ ಸುಮನಹಳ್ಳಿಯಲ್ಲಿ ಪಾಲಿಕೆಯ ಪ್ರಾಣಿ ಚಿತಾಗಾರ ಇದೆ. ಇಲ್ಲಿಂದ ಸುಮಾರು ಇನ್ನೂರೈವತ್ತು ಕಿಲೋಮೀಟರ್. ಎಲ್ಲಿಗೇ ಒಯ್ಯಲಿ, ಒಂದೊಂದನ್ನೇ ಸುಡುತ್ತಾರಾ, ಕೆಲವನ್ನು ಒಟ್ಟಿಗಾ ಎಂದು ಫೋನಿನಲ್ಲೇ ಕೇಳಿ. ಒಟ್ಟಿಗೆ ಸುಟ್ಟರೆ ನಿಮ್ಮ ನಾಯಿಯ ಬೂದಿ ಎಂದು ಬೇರೆ ಸಿಗುವುದಿಲ್ಲ.

ಕೊನೆಗೆ ಒಪ್ಪಂದ ಹೀಗಾಯಿತು. ಬೇಸಿಗೆಯಾದರೆ ಬೆಂಗಳೂರು. ಮಳೆಗಾಲದಲ್ಲಿ ಮಗಳು ಮರುದಿನ ಬೆಳಗ್ಗೆ ಹತ್ತರೊಳಗೆ ತಲುಪುವುದಾದರೆ ಕಾಯುವುದು, ಇಲ್ಲದಿದ್ದರೆ ಕರಿಯನ ಪಕ್ಕದಲ್ಲೇ ಹೂಳುವುದು. ಗುದ್ದಲಿ ಹಿಡಿಯುವ ಮೊದಲು ಮಗಳಿಗೆ ಫೋನ್ ಆಗಲೇಬೇಕು, ನೆಟ್‌ವರ್ಕ್ ಇಲ್ಲದಿದ್ದರೆ ಗುಡ್ಡ ಹತ್ತಿಯಾದರೂ. ಬಾಡಿಗೆ ಜೀಪಿನವರು ಕೆಲವರು ಸತ್ತ ನಾಯಿಯನ್ನು ಹತ್ತಿಸಿಕೊಳ್ಳುವುದಿಲ್ಲ, ಅದನ್ನೂ ಈಗಲೇ ಕೇಳಿಟ್ಟುಕೊಳ್ಳಿ ಎಂದೆ.

"ನಮ್ಮದೇ ಪಿಕಪ್ ಇದೆಯಲ್ಲ, ನಾನೇ ಓಡಿಸ್ತೇನೆ" ಎಂದರು ಅಪ್ಪ.