ಹಾಲು ಬಿಡಿಸಬೇಡಿ, ಸೊಪ್ಪಿನ ರಸ ಬಿಡಿ

ಪ್ರಶ್ನೆ: ಮಗುವಿಗೆ ಮೂರು ತಿಂಗಳು, ಎದೆಹಾಲು ಮಾತ್ರ. ಬಾಯಿ ಸುತ್ತ, ಡೈಪರ್ ಹಾಕುವ ಜಾಗದಲ್ಲಿ ಚರ್ಮ ಸುಲಿದಿದೆ. ಫಂಗಸ್ ಮುಲಾಮು ಹಚ್ಚಿದರೂ ಕಡಿಮೆಯಾಗಲಿಲ್ಲ. ಅತ್ತೆ ಇದು ಮಕ್ಕಳಿಗೆ ಬರುವ ‘ಕೆಂಪು’ ಕಾಯಿಲೆ ಅಂತ ಸೊಪ್ಪಿನ ರಸ ಹಚ್ಚಿಸುತ್ತಿದ್ದಾರೆ. ಡಾಕ್ಟರು ಜಿಂಕ್ ಕೊರತೆ ಇರಬಹುದು ಎಂದರು. ನಾನೇ ಜಿಂಕ್ ಮಾತ್ರೆ ತೆಗೆದುಕೊಂಡರೆ ಸಾಕಾ? ಹಾಲು ಬಿಡಿಸಲಾ?
– ತೀರ್ಥಹಳ್ಳಿ ಕಡೆಯ ತಾಯಿ

ಉತ್ತರ: ಹಾಲು ಬಿಡಿಸಬೇಡಿ. ನೀವು ಮಾತ್ರೆ ನುಂಗಿದರೂ ಉಪಯೋಗವಿಲ್ಲ. ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನಗೂ ಸಾಕಾಗಿದೆ.

ಜಿಂಕನ್ನು ಹಾಲಿಗೆ ದಾಟಿಸಲು ಝಡ್‌ಎನ್‌ಟಿ2 ಎಂಬ ಪ್ರೋಟೀನ್ ಬೇಕು. ಕೆಲವು ತಾಯಂದಿರಲ್ಲಿ ಅದರ ಜೀನ್‌ನಲ್ಲೇ ದೋಷವಿರುತ್ತದೆ. ರಕ್ತದಲ್ಲಿ ಜಿಂಕ್ ಸರಿಯಾಗೇ ಇರುತ್ತದೆ, ಹಾಲಿಗೆ ಮಾತ್ರ ಇಳಿಯುವುದಿಲ್ಲ. ಬಾವಿ ತುಂಬಿದ್ದರೂ ಪೈಪು ಕಟ್ಟಿದ್ದರೆ ಅಡಿಕೆ ಗಿಡಕ್ಕೆ ನೀರು ಹೋಗುತ್ತಾ? ಇದರಲ್ಲಿ ನಿಮ್ಮ ಊಟದ ತಪ್ಪೇನೂ ಇಲ್ಲ. ‘ಹಾಲು ಕೆಟ್ಟಿದೆ’ ಎನ್ನುವವರ ಮಾತು ಕೇಳಬೇಡಿ.

ಮಗುವಿನ ಮುಖ ಸರಿಯಾಗಿ ನೋಡಿ. ಕೆಂಪು ಬಣ್ಣ ಗಲ್ಲ, ಗದ್ದ ಸುತ್ತಿ ಕುದುರೆ ಲಾಳದಂತೆ ಬಂದು ಮೇಲ್ತುಟಿ ಬಿಟ್ಟಿದೆಯಾ? ಅಂಚಿನಲ್ಲಿ ಹೆಕ್ಕಳೆ ಕಟ್ಟಿದೆಯಾ? ಸುಮ್ನೆ ಅಳುತ್ತಲೇ ಇರುತ್ತದಾ? ಹಾಗಿದ್ದರೆ ನಿಮ್ಮ ಡಾಕ್ಟರ ಅನುಮಾನ ಸರಿ. ರಕ್ತದಲ್ಲಿ ಜಿಂಕ್ ಜೊತೆ ಅಲ್ಕಲೈನ್ ಫಾಸ್ಫಟೇಸ್ ಕೂಡ ನೋಡಿಸಿ, ಅದು ಜಿಂಕ್ ಇದ್ದರೇ ಕೆಲಸ ಮಾಡುವ ಕಿಣ್ವ. ಅದು ಕಡಿಮೆ ಬಂದರೆ ಅನುಮಾನ ಇನ್ನೂ ಗಟ್ಟಿ.

ಔಷಧಿ ಮಗುವಿನ ಬಾಯಿಗೇ ಹೋಗಬೇಕು, ಡಾಕ್ಟರು ತೂಕ ನೋಡಿ ಬರೆದಷ್ಟೇ. ಮೆಡಿಕಲ್ ಶಾಪಿನವರು ಕೊಟ್ಟ ಡ್ರಾಪ್ಸ್ ಅಂದಾಜಿಗೆ ಹಾಕಬೇಡಿ. ಜಿಂಕ್ ಜಾಸ್ತಿಯಾದರೆ ಮೈ ತಾಮ್ರ ಹೀರುವುದು ಕಡಿಮೆಯಾಗುತ್ತದೆ. ಕೊರತೆ ಜಿಂಕಿನದೇ ಆಗಿದ್ದರೆ ಕೆಲವೇ ದಿನಗಳಲ್ಲಿ ಅಳು ತಗ್ಗುತ್ತದೆ, ಆಮೇಲೆ ಚರ್ಮ. ಬೇರೆ ಆಹಾರ ಚೆನ್ನಾಗಿ ಹಿಡಿಸಿದ ಮೇಲೆ ಸಾಮಾನ್ಯವಾಗಿ ಜಿಂಕ್ ನಿಲ್ಲಿಸಬಹುದು. ನಿಲ್ಲಿಸಿದ ಮೇಲೆ ಮತ್ತೆ ಕಾಣಿಸಿಕೊಂಡರೆ ತಡಮಾಡದೆ ಬನ್ನಿ. ಅದು ಮಗುವಿನ ಕರುಳೇ ಜಿಂಕ್ ಹೀರದ ಇನ್ನೊಂದು ಕಾಯಿಲೆ ಇರಬಹುದು, ಅದಕ್ಕೆ ಜೀವನಪೂರ್ತಿ ಔಷಧಿ ಬೇಕು. ಇನ್ನು, ಮುಂದಿನ ಮಗುವಿಗೂ ಇದೇ ಆಗಬಹುದು, ಆಗ ಮೊದಲೇ ಹೇಳಿಬಿಡಿ.

ಅತ್ತೆಯವರಿಗೆ ನಮಸ್ಕಾರ ಹೇಳಿ. ಸುಲಿದ ಚರ್ಮಕ್ಕೆ ಸೊಪ್ಪಿನ ರಸ ಹಚ್ಚಿ ಕೀವು ಮಾಡಿಕೊಂಡು ಬರುವ ಮಕ್ಕಳನ್ನು ನೋಡಿ ನನಗೆ ಸಿಟ್ಟು ಬರುತ್ತದೆ.

ಪ್ರಶ್ನೆ: ನನ್ನ ಮಗು ಆರೋಗ್ಯವಾಗಿದೆ, ತಿಂಗಳು ತುಂಬಿಯೇ ಹುಟ್ಟಿದ್ದು. ಮುನ್ನೆಚ್ಚರಿಕೆಗೆ ಜಿಂಕ್ ಡ್ರಾಪ್ಸ್ ಹಾಕಲಾ? – ಸಾಗರ

ಉತ್ತರ: ಬೇಡ.

ಪ್ರಶ್ನೆ: ಭೇದಿಗೆ 14 ದಿನ ಜಿಂಕ್ ಬರೆದಿದ್ದಾರೆ. ಮೂರೇ ದಿನಕ್ಕೆ ಭೇದಿ ನಿಂತಿತು, ನಿಲ್ಲಿಸಲಾ? – ಹೊಸನಗರ

ಉತ್ತರ: 14 ದಿನವೂ ಕೊಡಿ.

ಪ್ರಶ್ನೆ: ನಾಲ್ಕು ತಿಂಗಳಿಗೇ ರಾಗಿ ಮಣ್ಣಿ ಶುರು ಮಾಡಬಹುದಾ? – ಶಿವಮೊಗ್ಗ

ಉತ್ತರ: ಆರು ತಿಂಗಳು ತುಂಬಲಿ. ಆಗಲೂ ರಾಗಿಯನ್ನು ಮೊಳಕೆ ಬರಿಸಿ ಒಣಗಿಸಿ ಬೀಸಿ, ಜಿಂಕ್ ಚೆನ್ನಾಗಿ ಹತ್ತುತ್ತದೆ.