ದೆಹಲಿಯ ನ್ಯಾಷನಲ್ ಮ್ಯೂಸಿಯಂ ಪೂರ್ತಿ ನೋಡಲು ಎರಡು ಗಂಟೆ ಸಾಕಾ?

ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದಾರೆ, ಎರಡೇ ಗಂಟೆ ಇದೆ, ಎಲ್ಲ ಗ್ಯಾಲರಿ ಮುಗಿಸುವುದು ಹೇಗೆ ಅಂತ ಕೇಳಿದ್ದೀರಿ. ಅಯ್ಯೋ, ನಾನೂ ಇದೇ ಲೆಕ್ಕ ಹಾಕಿಕೊಂಡು ಹೋಗಿದ್ದವನು.

ನಮ್ಮಪ್ಪ ತುಮಕೂರು ಕಡೆಯ ಹೈಸ್ಕೂಲಿನಲ್ಲಿ ಸಮಾಜದ ಮೇಷ್ಟ್ರು. ಮೊಹೆಂಜೊದಾರೊದ ನರ್ತಕಿಯ ಕಂಚಿನ ವಿಗ್ರಹವನ್ನು ವರ್ಷಾ ವರ್ಷ ಸೀಮೆಸುಣ್ಣದಲ್ಲಿ ಬೋರ್ಡ್ ಮೇಲೆ ಬರೆದು ಪಾಠ ಮಾಡಿದವರು. ರಿಟೈರ್ ಆದ ಮೇಲೆ ದೆಹಲಿಗೆ ಹೊರಟಾಗ ಅವರು ಕೇಳಿದ್ದು ಅದೊಂದನ್ನೇ. ಕೋಟೆ ಗೀಟೆ ಆಮೇಲೆ ನೋಡೋಣ ಅಂದಿದ್ದರು.

ಭಾನುವಾರ ಊಟ ಮುಗಿಸಿ ಮ್ಯೂಸಿಯಂ ಇರುವ ಜನಪಥ್‌ಗೆ ಬಂದೆವು. ನರ್ತಕಿಯನ್ನು ಇಟ್ಟಿರುವ ಹರಪ್ಪ ಗ್ಯಾಲರಿ ಇರುವುದು ನೆಲಮಹಡಿಯಲ್ಲಿ, ಒಳಗೆ ಹೋಗುತ್ತಿದ್ದಂತೆಯೇ ಸಿಗುತ್ತದೆ. ಅಪ್ಪ ಅತ್ತ ತಿರುಗಿದರು. ನಾನು ತಡೆದೆ. ಇದೇ ನಾನು ಮಾಡಿದ ತಪ್ಪು. ಆಗ ನನಗೆ ಅದು ಭಾರಿ ಬುದ್ಧಿವಂತಿಕೆ ಅನಿಸಿತ್ತು. ಮೊದಲು ಲಿಫ್ಟ್‌ನಲ್ಲಿ ಎರಡನೇ ಮಹಡಿಗೆ ಹೋಗೋಣ, ನೋಡುತ್ತಾ ಇಳಿಯೋಣ, ಕೊನೆಗೆ ಬಾಗಿಲ ಹತ್ತಿರವೇ ಇರುತ್ತೇವೆ, ಅಪ್ಪನ ಮಂಡಿಗೂ ಒಳ್ಳೆಯದು. ಅಮ್ಮ ಸೀರೆ ಅಂಗಡಿಯಲ್ಲಿ ಮಾಡುವುದೂ ಹೀಗೇ ಅಲ್ವಾ? ಆದರೆ ಸೀರೆ ಅಂಗಡಿಯವರು ಗಿರಾಕಿ ಇರುವ ತನಕ ಬಾಗಿಲು ಹಾಕಲ್ಲ. ಇದು ಸರ್ಕಾರಿ ಮ್ಯೂಸಿಯಂ.

ಮೇಲೆ ಕತ್ತಿ, ಗುರಾಣಿ, ವಾದ್ಯಗಳು. ಅದರ ಕೆಳಗಿನ ಮಹಡಿಯಲ್ಲಿ ನಾಣ್ಯ, ಚಿತ್ರಪಟಗಳು. ಟಿಕೆಟ್ ಕೊಟ್ಟಿದ್ದೇವೆ ಅಂತ ಒಂದನ್ನೂ ಬಿಡದೆ ಬೋರ್ಡ್ ಓದಿಸಿದೆ. ಅಲ್ಲಿರುವುದು ಸುಮಾರು ಎರಡು ಲಕ್ಷ ವಸ್ತುಗಳ ಸಂಗ್ರಹ, ಅದರಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದನ್ನೇ ಒಂದು ದಿನದಲ್ಲಿ ನೋಡಿ ಮುಗಿಸಲು ಆಗಲ್ಲ ಅಂತ ನನಗೇನು ಗೊತ್ತು? ಕೆಳಗೆ ಬರುವಷ್ಟರಲ್ಲಿ ಗಾರ್ಡ್‌ಗಳು ಜನರನ್ನು ಹೊರಗೆ ಕಳಿಸುತ್ತಿದ್ದರು. ನಾಳೆ ಬರೋಣ ಅಂದೆ. ನಾಳೆ ಸೋಮವಾರ, ರಜಾ. ರೈಲು ಸೋಮವಾರ ರಾತ್ರಿಗೆ. ಅಪ್ಪ ಏನೂ ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತು ಚಪ್ಪಲಿಯ ಬಾರು ಸರಿಮಾಡಿಕೊಂಡರು, ತುಂಬಾ ಹೊತ್ತು.

ಹಾಗಾಗಿ "ಎಲ್ಲ ಗ್ಯಾಲರಿ" ಅನ್ನುವ ಪ್ರಶ್ನೆಯನ್ನೇ ಬಿಟ್ಟುಬಿಡಿ. ಎರಡು ಗಂಟೆಯನ್ನೂ ನೆಲಮಹಡಿಗೆ ಕೊಡಿ, ಮೊದಲ ಒಂದು ಗಂಟೆ ಹರಪ್ಪಕ್ಕೆ. ಮೇಲಿನದು ನೋಡದಿದ್ದರೆ ಏನೂ ಗಂಟು ಹೋಗಲ್ಲ. ಬೆಳಿಗ್ಗೆಯೇ ಹೋಗಿ. ಮ್ಯೂಸಿಯಂ ಅಲ್ಲಿಂದ ಕೇಂದ್ರ ಸರ್ಕಾರದ ಕಚೇರಿಗಳಿದ್ದ ನಾರ್ತ್ ಬ್ಲಾಕ್, ಸೌತ್ ಬ್ಲಾಕ್‌ಗೆ ಹೋಗುವ ಯೋಜನೆ ಇದೆ, ಹೊರಡುವ ಮುಂಚೆ ಒಮ್ಮೆ ವಿಚಾರಿಸಿ.

ಇನ್ನೊಂದು ಮಾತು, ದೊಡ್ಡ ವಿಗ್ರಹ ಹುಡುಕಬೇಡಿ. ಎರಡು ವರ್ಷದ ನಂತರ ಆಫೀಸ್ ಕೆಲಸಕ್ಕೆ ಹೋದಾಗ ಒಬ್ಬನೇ ಹೋಗಿದ್ದೆ, ನರ್ತಕಿಯ ಮುಂದೆಯೇ ಒಂದು ಸಲ ದಾಟಿ ಹೋದೆ. ಎತ್ತರ ಹತ್ತೂವರೆ ಸೆಂಟಿಮೀಟರ್, ಅಷ್ಟೇ. ನನ್ನ ಮೊಬೈಲ್‌ಗಿಂತ ಗಿಡ್ಡ. 1926ರಲ್ಲಿ ಸಿಕ್ಕಿದ್ದು. ಮೇಣದ ಗೊಂಬೆಗೆ ಮಣ್ಣು ಮೆತ್ತಿ, ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ಕಂಚು ಹೊಯ್ದು ಮಾಡಿದ ಎರಕ. ಎಡಗೈ ತುಂಬಾ ಬಳೆ, ಬಲಗೈಗೆ ನಾಲ್ಕೇ ನಾಲ್ಕು. ಪಾದಗಳು ಮುರಿದು ಹೋಗಿವೆ. ಆದರೂ ಗಲ್ಲ ಎತ್ತಿ ನಿಂತಿರುವ ಜಂಬ ನೋಡಬೇಕು, ಪಕ್ಕದ ಮನೆಯ ಹುಡುಗಿ "ಏನೀಗ?" ಅಂದ ಹಾಗೆ.

ಪಠ್ಯಪುಸ್ತಕದ ಆ ಗಡ್ಡದ "ಪುರೋಹಿತ ರಾಜ" ಇಲ್ಲಿಲ್ಲ, ಅವನು ಕರಾಚಿಯಲ್ಲಿದ್ದಾನೆ. ವಿಭಜನೆ ಆದಾಗ ಮೊಹೆಂಜೊದಾರೊದ ಒಂದು ಸರವನ್ನೇ ಬಿಚ್ಚಿ ಎರಡು ದೇಶ ಹಂಚಿಕೊಂಡವು. ಅಣ್ಣತಮ್ಮಂದಿರು ಪಾಲಾಗುವಾಗ ಅಮ್ಮನ ಒಡವೆ ತುಂಡು ಮಾಡಿದಂತೆ. ನಮ್ಮ ಪಾಲು ಈ ಗ್ಯಾಲರಿಯಲ್ಲೇ ಇದೆ. ಹೊರಡುವ ಮುಂಚೆ ನಮ್ಮ ಐಹೊಳೆಯಿಂದ ಹೋದ ಹಾರುವ ಗಂಧರ್ವ ಜೋಡಿಯನ್ನೂ ಕೇಳಿಕೊಂಡು ನೋಡಿ.

ನರ್ತಕಿಯ ಫೋಟೋ ತೆಗೆದು ಅಲ್ಲಿಂದಲೇ ಅಪ್ಪನಿಗೆ ವಾಟ್ಸಾಪ್ ಮಾಡಿದೆ. ತಕ್ಷಣ ಫೋನ್ ಬಂತು. "ಇಷ್ಟೇನೇನೋ? ನಾನು ಬೋರ್ಡ್ ಮೇಲೆ ಎರಡಡಿ ಬರೀತಿದ್ನಲ್ಲೋ!"