ಒಡೆಯರ್ ಅವರ ರಾಜಕೀಯ ಪಟ್ಟಿ: ಇಸವಿ ತಾಳೆಯಾಗದಿದ್ದರೆ

ಮೈಸೂರು ರಾಜಮನೆತನದ ಒಡೆಯರ್‌ಗಳು ಹಿಡಿದ ಹುದ್ದೆ, ನಿಂತ ಚುನಾವಣೆಗಳ ಪಟ್ಟಿ ಮಾಡುವಾಗ ಇಸವಿಗಳು ತಾಳೆಯಾಗದಿರುವುದುಂಟು. 1956ರಲ್ಲಿ ರಾಜ್ಯಪಾಲರು, 1984ರಲ್ಲಿ ಸಂಸದರು ಎಂದು ನಿಮ್ಮ ಪಟ್ಟಿಯಲ್ಲಿ ಒಬ್ಬರೇ ಒಡೆಯರ್ ಕಾಣುವುದಕ್ಕೆ ಕಾರಣ, ಬಹುಶಃ ತಂದೆ ಮಗ ಒಂದೇ ಸಾಲಿಗೆ ಸೇರಿಹೋಗಿರುವುದು. ನನ್ನ ಮಗಳ ಶಾಲಾ ವರದಿಯಲ್ಲೂ ಇದೇ ಎಡವಟ್ಟಾಗಿತ್ತು.

ಮೊದಲು ಸಾಲನ್ನು ಒಡೆಯಿರಿ. ಜಯಚಾಮರಾಜ ಒಡೆಯರ್ 1950ರಿಂದ ರಾಜಪ್ರಮುಖರು (ಆಗ ರಾಜ್ಯಪಾಲರಿಗೆ ಸಮನಾಗಿದ್ದ ಹುದ್ದೆ), 1956ರಿಂದ ಮೈಸೂರು ರಾಜ್ಯದ ರಾಜ್ಯಪಾಲರು, 1964ರಿಂದ ಮದ್ರಾಸಿನಲ್ಲಿ. ಇವಾವುದೂ ಮತದಿಂದ ಬಂದ ಹುದ್ದೆಯಲ್ಲ. 'ಚುನಾವಣೆ' ಕಲಂ ಖಾಲಿ ಬಿಡಿ.

ಆಮೇಲೆ ಅವರ ಮಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್. ಮೈಸೂರು ಲೋಕಸಭಾ ಕ್ಷೇತ್ರದಲ್ಲಿ 1984, 1989, 1996, 1999ರಲ್ಲಿ ಕಾಂಗ್ರೆಸ್‌ನಿಂದ ಗೆಲುವು. 1991ರಲ್ಲಿ ಬಿಜೆಪಿಯಿಂದ ನಿಂತು ಸೋಲು, 2004ರಲ್ಲಿ ಮತ್ತೆ ಕಾಂಗ್ರೆಸ್‌ನಿಂದ ಸೋಲು. ಅರಮನೆಯ ಹೆಸರಿದ್ದರೆ ಮತ ತಾನಾಗಿ ಬೀಳುತ್ತದೆ ಎನ್ನುವವರಿಗೆ ಈ ಎರಡು ಸೋಲುಗಳನ್ನು ತೋರಿಸಬೇಕು. ಇವರನ್ನು 'ಮಾಜಿ ಆಳರಸ' ಎಂದೂ ಬರೆಯಬೇಡಿ: ತಂದೆ ತೀರಿಕೊಂಡದ್ದು 1974ರಲ್ಲಿ, ರಾಜಧನ (ಮಾಜಿ ಅರಸರಿಗೆ ಸರ್ಕಾರ ಕೊಡುತ್ತಿದ್ದ ಹಣ) ಮತ್ತು ಪದವಿಗಳ ಮಾನ್ಯತೆ ರದ್ದಾದದ್ದು ಸಂವಿಧಾನದ 1971ರ 26ನೇ ತಿದ್ದುಪಡಿಯಲ್ಲೇ.

2024ರಲ್ಲಿ ಬಿಜೆಪಿಯಿಂದ ಗೆದ್ದ, ಶ್ರೀಕಂಠದತ್ತರ ಉತ್ತರಾಧಿಕಾರಿ ಯದುವೀರ್ ಅವರಿಗೆ ಮೂರನೇ ಸಾಲು.

ಕೊನೆಗೆ ಚುನಾವಣಾ ಆಯೋಗದ ಆಯಾ ವರ್ಷದ ವರದಿಯೊಡನೆ ಹೋಲಿಸಿ. ಅಲ್ಲಿ 'ಮೈಸೂರು' ಎಂದೇ ಹುಡುಕಿ, 'ಮೈಸೂರು-ಕೊಡಗು' ಎಂದರೆ ಸಿಗಲಿಕ್ಕಿಲ್ಲ. ಹಳೆಯ ಪತ್ರಿಕೆಗಳು ಬೇಕಿದ್ದರೆ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯದಲ್ಲಿ ವಿಚಾರಿಸಿ.